ಎರಡು ತೆಂಗಿನಮರ, ಒಂದು ರಟ್ಟು

ನನ್ನ ಭಾಮೈದನದು ತಿಪಟೂರು ಕಡೆಯ ಹಳ್ಳಿ. ಅವನ ಲೆಕ್ಕವೆಲ್ಲ ತೆಂಗಿನಮರದಲ್ಲಿ. ಹೊಸ ಮೊಬೈಲು ಎಷ್ಟಾಯ್ತಪ್ಪ ಅಂದರೆ ‘ಆರು ಮರ’ ಎನ್ನುತ್ತಾನೆ. ಒಂದು ಮರ ವರ್ಷವಿಡೀ ಬಿಟ್ಟ ಕಾಯಿಯಲ್ಲಿ ನುಸಿಗೆ, ಇಲಿಗೆ, ಕಾಯಿ ಕೀಳುವವನಿಗೆ, ವ್ಯಾಪಾರಿಯ ತೂಕಕ್ಕೆ ಹೋಗಿ ಮಿಕ್ಕಿದ್ದೇ ಅವನ ‘ಒಂದು ಮರ’. ಸದ್ಯಕ್ಕೆ ಅವನೇ ಗೊತ್ತು ಮಾಡಿಕೊಂಡಿರುವ ದರ 2,800 ರೂಪಾಯಿ.

ಈ ಬೇಸಿಗೆಯಲ್ಲಿ ಮನೆಗೆ ಬಂದವನು ಚೀಲದಿಂದ ಚಕ್ಕುಲಿ ಡಬ್ಬ ತೆಗೆದಿಟ್ಟು, “ಭಾವ, ಟೀವೀಲಿ ನೋಡಿ ನೋಡಿ ಸಾಕಾಗೈತೆ. ಈ ಸಲ ಒಂದು ಐಪಿಎಲ್ ಮ್ಯಾಚು ಕಣ್ಣಾರೆ ತೋರುಸ್ಬೇಕು ನೀವು” ಅಂದ. ಹೆಂಡತಿಯ ತಮ್ಮ ಬಾಯಿಬಿಟ್ಟು ಕೇಳಿದ ಮೇಲೆ, ಅದೂ ಚಕ್ಕುಲಿ ಕೊಟ್ಟು ಕೇಳಿದ ಮೇಲೆ, ಇಲ್ಲವೆನ್ನುವ ಗಂಡಸು ಹಳೇ ಮೈಸೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಟಿಕೆಟ್ಟು ಬಿಡುವ ದಿನ ಇಬ್ಬರೂ ಸ್ನಾನ ಮಾಡಿ ಮೊಬೈಲಿನ ಮುಂದೆ ಕೂತೆವು. ‘ನೀವು ಸರತಿಯಲ್ಲಿದ್ದೀರಿ’ ಎಂದಿತು ಆ್ಯಪ್. ನಮ್ಮ ಮುಂದೆ ಲಕ್ಷಕ್ಕೂ ಮೇಲ್ಪಟ್ಟು ಜನ. ಮೈದಾನದಲ್ಲಿ ಹಿಡಿಯುವುದು ಮೂವತ್ತು ಚಿಲ್ಲರೆ ಸಾವಿರ. ತಿಮ್ಮಪ್ಪನ ಸರ್ವದರ್ಶನದ ಸಾಲಾದರೂ ಒಂದೇ ದಿಕ್ಕಿಗೆ ಸಾಗುತ್ತದೆ. ಇದು ಒಮ್ಮೆ ಮುಂದೆ ಹೋಗಿ, ಏನೋ ಮರೆತವರ ಹಾಗೆ ಮತ್ತೆ ಹಿಂದಕ್ಕೆ ಬರುತ್ತಿತ್ತು. ಇಷ್ಟರಲ್ಲಿ ಆಫೀಸಿನ ಸಹೋದ್ಯೋಗಿಯ ಸ್ಟೇಟಸ್ಸಿನಲ್ಲಿ ಎರಡು ಪಾಸಿನ ಫೋಟೋ ಕಂಡಿತು. ಅವನಿಗೆ ಯಾರೋ ಕೊಟ್ಟದ್ದಂತೆ. ಆ ಯಾರೋಗೆ ಇನ್ಯಾರೋ. ನಮ್ಮಲ್ಲಿ ಪಾಸು ಕೊಳ್ಳುವವರನ್ನು ಯಾರೂ ಕಂಡಿಲ್ಲ, ಪಾಸು ಇಲ್ಲದ ದೊಡ್ಡ ಮನುಷ್ಯರನ್ನೂ ಕಂಡಿಲ್ಲ.

ಕೊನೆಗೆ ಹೇಗೋ ಎರಡು ಸೀಟು ಸಿಕ್ಕವು. ಮೂಲ ಬೆಲೆ ತಲಾ 2,000. ಮೇಲೆ ಜಿಎಸ್‌ಟಿ 800.

“ಸರಿಯಾಗಿ ಒಂದೊಂದು ಮರ” ಅಂದ ಭಾಮೈದ. ಆಮೇಲೆ ಹುಬ್ಬು ಗಂಟಿಕ್ಕಿ, “ಎಂಟುನೂರು ಯಾಕೆ ಭಾವ?” ಅಂತ ಕೇಳಿದ.

ಯಾಕೆಂದರೆ ಐಪಿಎಲ್ ನೋಡುವುದು ಈಗ ಸರ್ಕಾರಿ ಲೆಕ್ಕದಲ್ಲಿ ಪಾಪ. 2025ರ ಸೆಪ್ಟೆಂಬರ್ 21ರವರೆಗೆ ಈ ಪಾಪಕ್ಕೆ ಶೇ 28ರಷ್ಟು ಪ್ರಾಯಶ್ಚಿತ್ತವಿತ್ತು, ಆಮೇಲೆ ಶೇ 40 ಆಯಿತು. ಜಿಎಸ್‌ಟಿಯನ್ನು ಸರಳ ಮಾಡುತ್ತೇವೆಂದು ಮಂಡಳಿಯವರು ಹತ್ತಾರು ಸಾಮಾನಿನ ತೆರಿಗೆ ಇಳಿಸಿ, ಕೆಟ್ಟ ಚಾಳಿ ಮತ್ತು ಶೋಕಿಗಳಿಗೆಂದು ಮೇಲೊಂದು ಅಟ್ಟ ಕಟ್ಟಿದರು. ಆ ಅಟ್ಟದ ಮೇಲೆ ಕ್ಯಾಸಿನೊ ಇದೆ, ಕುದುರೆ ರೇಸಿದೆ, ಲಾಟರಿ ಇದೆ, ಸ್ವಂತಕ್ಕಿಟ್ಟುಕೊಳ್ಳುವ ವಿಮಾನ ಮತ್ತು ವಿಹಾರ ನೌಕೆ ಇವೆ. ಅವುಗಳ ನಡುವೆ ಮೊಣಕಾಲು ಮಡಚಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನೂ ನನ್ನ ಭಾಮೈದನೂ ಕೂತಿದ್ದೇವೆ. ಸ್ವಂತ ವಿಮಾನವಿರುವವನ ಸಾಲಿನಲ್ಲಿ ಕೂರುವ ಯೋಗ ನಮ್ಮ ವಂಶದಲ್ಲೇ ಯಾರಿಗೂ ಬಂದಿರಲಿಲ್ಲ. ಬಾಯಾರಿ ಒಂದು ಲೋಟ ಕೋಲಾ ಕೊಂಡೆವೆನ್ನಿ, ಅದಕ್ಕೂ ಶೇ 40. ಪಾಪ ಮಾಡುತ್ತ ಪಾಪ ಕುಡಿದಂತೆ.

ಇನ್ನೂ ಸೂಕ್ಷ್ಮವಿದೆ. ಇದೇ ಮೈದಾನದಲ್ಲಿ ಭಾರತ ತಂಡ ಆಡಿದರೆ 500 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆಯೇ ಇಲ್ಲ, ಅದಕ್ಕೆ ಮೇಲ್ಪಟ್ಟರೆ ಶೇ 18. ಎಂದರೆ ವಿರಾಟ್ ಕೊಹ್ಲಿ ನೀಲಿ ಅಂಗಿ ತೊಟ್ಟು ಕವರ್ ಡ್ರೈವ್ ಹೊಡೆದರೆ ಅದು ಕ್ರೀಡೆ. ಕೆಂಪು ಅಂಗಿ ತೊಟ್ಟು ಅದೇ ಬ್ಯಾಟಿನಲ್ಲಿ ಅದೇ ಹೊಡೆತ ಹೊಡೆದರೆ ಜೂಜುಕಟ್ಟೆಯ ಪಕ್ಕದ ಬಾಬತ್ತು. ಕವರ್ ಡ್ರೈವಿಗೆ ಮಡಿ-ಮೈಲಿಗೆ ಗೊತ್ತು ಮಾಡಿದ ಕೀರ್ತಿ ನಮ್ಮದೇ. ಇತ್ತ ರಾಜ್ಯ ಸರ್ಕಾರಕ್ಕೂ ಮನರಂಜನೆಯ ಬೆಲೆಯ ಚಿಂತೆ ಇಲ್ಲದಿಲ್ಲ: ಅದೇ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟು ತಡೆ ಕೊಟ್ಟಿತು. ಮ್ಯಾಚಿನ ಟಿಕೆಟ್ಟಿಗೂ ಒಂದು ಮಿತಿ ಇರಲಿ ಅಂತ ಯಾರೂ ಸೊಲ್ಲೆತ್ತಿದ ಹಾಗಿಲ್ಲ. ಎತ್ತಬೇಕಾದವರ ಜೇಬಿನಲ್ಲಿ ಪಾಸಿದೆ.

ಯಾವ ಊರಿನ ಯಾವ ಮೈದಾನಕ್ಕೆ ಹೋದಿರಿ ಎಂದು ದಯವಿಟ್ಟು ಕೇಳಬೇಡಿ. ಗೇಟಿನಲ್ಲಿ ಚಕ್ಕುಲಿ ಕಿತ್ತುಕೊಳ್ಳುವ ವಿಷಯದಲ್ಲಿ ಭಾರತ ಅಖಂಡವಾಗಿದೆ.

ಹೌದು, ಚಕ್ಕುಲಿ ಹೋಯಿತು. ನೀರಿನ ಬಾಟಲಿ ಅದಕ್ಕೂ ಮುಂಚೆ ಹೋಗಿತ್ತು. ಭಾಮೈದನ ಜೇಬಿನ ಚಿಲ್ಲರೆಯನ್ನು, ಅದನ್ನವನು ಕೊಹ್ಲಿಗೆ ಗುರಿಯಿಟ್ಟು ಎಸೆಯಬಹುದೆಂಬ ದೂರಾಲೋಚನೆಯಿಂದ, ಒಂದು ಬುಟ್ಟಿಗೆ ಹಾಕಿಸಿಕೊಂಡರು. “ನಮ್ಮೂರ ಜಾತ್ರೆ ಕುಸ್ತಿ ನೋಡಕ್ಕೆ ಕುಡುಗೋಲು ಸಿಗಿಸ್ಕೊಂಡೇ ಬತ್ತಾರೆ, ಯಾರೂ ಏನೂ ಅನ್ನಲ್ಲ” ಅಂತ ಗೊಣಗಿದ. ಮೆಲ್ಲಗೆ ಗೊಣಗು ಮಾರಾಯ ಅಂದೆ.

ಒಳಗೆ ನಮ್ಮ ಸೀಟಿನ ನೇರಕ್ಕೆ ಒಂದು ಕಂಬ. ಸ್ಟ್ರೈಕಿನಲ್ಲಿರುವ ಬ್ಯಾಟ್ಸ್‌ಮನ್ ಕಾಣುತ್ತಿದ್ದ, ಬೌಲರು ಕಂಬದ ಹಿಂದೆ. ಓವರು ಮುಗಿದು ತುದಿ ಬದಲಾದರೆ ಬೌಲರು ಕಾಣುತ್ತಿದ್ದ, ಬ್ಯಾಟ್ಸ್‌ಮನ್ ಕಂಬದ ಪಾಲು. ಭಾಮೈದ ಒಂದು ಒಪ್ಪಂದಕ್ಕೆ ಬಂದ: “ನೀವು ಎಡಕ್ಕೆ ಬಗ್ಗಿ ಭಾವ, ನಾನು ಬಲಕ್ಕೆ ಬಗ್ತೀನಿ. ಆಮೇಲೆ ಇಬ್ರೂ ಕೂಡ್ಸಿಕೊಳ್ಳಾಣ.”

ಕಂಬದ ಕೊರತೆ ನೀಗಿಸಲು ಡಿಜೆ ಇದ್ದ. ಚೆಂಡು ಸತ್ತ ಕ್ಷಣವೇ ಅವನಿಗೆ ಜೀವ ಬರುತ್ತಿತ್ತು. ‘ಎದ್ದೇಳಿ, ಕೂಗಿ, ಲೈಟ್ ಹಾಕಿ, ಇನ್ನೂ ಜೋರಾಗಿ, ನಿಮಗೆ ಊಟ ಹಾಕಿಲ್ವಾ?’ ಹಾಕಿದ್ದರಪ್ಪ, ಗೇಟಿನಲ್ಲಿ ಕಿತ್ತುಕೊಂಡಿರಿ. ಪಕ್ಕದಲ್ಲಿ ಕೂತವನಿಗೆ ‘ಸ್ಪಿನ್ನರ್ ತರಬೇಕಿತ್ತು’ ಎಂದು ಹೇಳಬೇಕಾದರೂ ಅವನ ಕಿವಿಗೆ ಕೈಯಿಟ್ಟು ಕಿರುಚಬೇಕು. ಮೈದಾನಕ್ಕೆ ಹೋಗುವುದರ ಅರ್ಧ ಸುಖವೇ ಗೊತ್ತಿಲ್ಲದವರ ಜೊತೆ ಜಗಳವಾಡುವುದು. ಅದನ್ನೂ ಸ್ಪೀಕರು ನುಂಗಿತು. ಆಮೇಲೆ ಇನಿಂಗ್ಸಿಗೆ ಎರಡು ಸಲ ಎರಡೂವರೆ ನಿಮಿಷದ ‘ಸ್ಟ್ರಾಟೆಜಿಕ್ ಟೈಮ್‌ಔಟ್’. ಅದರಲ್ಲಿ ಆಟಗಾರರು ನೀರು ಕುಡಿಯುತ್ತಾರೆ, ಟೀವಿಯವರು ಜಾಹೀರಾತು ಮಾರುತ್ತಾರೆ. ನಾವು ಕಂಬ ನೋಡುತ್ತೇವೆ.

ಆಗಲೇ ನನಗೆ ಜ್ಞಾನೋದಯವಾದದ್ದು. ಕಂಬದ ಕೆಳಗೆ ಆಯಿತೆಂದರೆ ತಪ್ಪಿಲ್ಲ.

2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಹೋದದ್ದು 48,390 ಕೋಟಿ ರೂಪಾಯಿಗೆ. ಒಂದೊಂದು ಪಂದ್ಯಕ್ಕೆ ಸುಮಾರು 118 ಕೋಟಿ ಬೀಳುತ್ತದೆ. ಈಗ ನಮ್ಮ ಗೇಟಿನ ಹುಂಡಿ ನೋಡೋಣ: ಮೂವತ್ತೈದು ಸಾವಿರ ಜನ, ತಲಾ ಎರಡು ಸಾವಿರವೆಂದೇ ಹಿಡಿಯಿರಿ, ಏಳು ಕೋಟಿ. 118ರ ಮುಂದೆ 7! ಮದುವೆ ಮನೆಯಲ್ಲಿ ಮುಯ್ಯಿ ಬರೆಸಿಕೊಳ್ಳುವವನು ಇಷ್ಟಕ್ಕೆ ತಲೆಯೆತ್ತಿಯೂ ನೋಡುವುದಿಲ್ಲ. ಎಂದಮೇಲೆ ಆಟ ನಡೆಯುವುದು ಸೋಫಾದ ಮೇಲೆ ಕೂತವರಿಗಾಗಿ. ನಾವು ಅವರ ಹಿನ್ನೆಲೆ. ಗಾಂಧಿನಗರದಲ್ಲಿ ಇದಕ್ಕೆ ಜೂನಿಯರ್ ಆರ್ಟಿಸ್ಟ್ ಎನ್ನುತ್ತಾರೆ. ಹೀರೋ ರಥದಲ್ಲಿ ಬರುವಾಗ ಜೈಕಾರ ಹಾಕುವವರು. ವ್ಯತ್ಯಾಸವೆಂದರೆ ಅವರಿಗೆ ಸಂಜೆ ಪೇಮೆಂಟ್ ಸಿಗುತ್ತದೆ, ಮಧ್ಯಾಹ್ನ ಪ್ರೊಡಕ್ಷನ್ ಊಟವಿರುತ್ತದೆ. ನಾವು ದುಡ್ಡು ಕೊಟ್ಟು ಜೈಕಾರ ಹಾಕುತ್ತೇವೆ, ಜೊತೆಗೆ ಶೇ 40.

ನನ್ನ ಮಾತಲ್ಲಿ ನಂಬಿಕೆಯಿಲ್ಲದಿದ್ದರೆ 2020 ನೆನಪು ಮಾಡಿಕೊಳ್ಳಿ. ಕೊರೊನಾ ಕಾಲದಲ್ಲಿ ಐಪಿಎಲ್ ಯುಎಇಗೆ ಹೋಯಿತು, ಖಾಲಿ ಕುರ್ಚಿಗಳ ಮುಂದೆ ಆಟ ನಡೆಯಿತು. ಪ್ರಸಾರದಲ್ಲಿ ಜನರ ಕೂಗು ಮಾತ್ರ ಕೇಳುತ್ತಲೇ ಇತ್ತು: ಮೊದಲೇ ಮುದ್ರಿಸಿಟ್ಟದ್ದು. ಸಿಕ್ಸರಿಗೊಂದು, ವಿಕೆಟ್ಟಿಗೊಂದು. ಮನೆಯಲ್ಲಿ ಕೂತ ನಮಗೆ ಹತ್ತು ನಿಮಿಷದಲ್ಲಿ ಅಭ್ಯಾಸವಾಯಿತು. ಜರ್ಮನಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಬೊರುಸಿಯಾ ಮೂನ್ಶನ್‌ಗ್ಲಾಡ್‌ಬಾಖ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ (ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದವರಿಗೆ ಟಿಕೆಟ್ಟು ಪುಕ್ಕಟೆ ಕೊಡಬಹುದಿತ್ತು) ಅಭಿಮಾನಿಗಳು ತಲಾ 19 ಯೂರೊ ಕೊಟ್ಟು ತಮ್ಮ ಫೋಟೋ ಇರುವ ರಟ್ಟಿನ ಗೊಂಬೆಗಳನ್ನು ಸೀಟಿನಲ್ಲಿ ಕೂರಿಸಿದರು. ಸಾವಿರಾರು ರಟ್ಟುಗಳು. ರಟ್ಟಿಗೆ ನೀರು ಬೇಡ, ಶೌಚಾಲಯ ಬೇಡ, ಪಾರ್ಕಿಂಗ್ ಬೇಡ. ಎದುರಿಗೆ ಕಂಬವಿದ್ದರೂ ತಕರಾರಿಲ್ಲ. ಕ್ರೀಡಾಂಗಣ ಕಟ್ಟುವವರೆಲ್ಲ ಕನಸಿನಲ್ಲಿ ಕಂಡ ಪ್ರೇಕ್ಷಕ ಕೊನೆಗೂ ಸಿಕ್ಕಿದ್ದ. ಕೊರೊನಾ ಮುಗಿದು ನಾವು ಮತ್ತೆ ಹೋಗಿ ಕೆಡಿಸಿದೆವು.

ಹದಿನಾರನೇ ಓವರಿನಲ್ಲಿ ಆದದ್ದು ಹೇಳಲೇಬೇಕು. ಎತ್ತರಕ್ಕೆ ಹೊಡೆದ ಚೆಂಡು ಕಂಬದ ಆಚೆ ಇಳಿಯಿತು. ಅರ್ಧ ಮೈದಾನ ‘ಔಟ್’ ಎಂದು ಕುಣಿಯಿತು, ಇನ್ನರ್ಧ ‘ಸಿಕ್ಸ್’ ಎಂದು ಕುಣಿಯಿತು, ಡಿಜೆ ಎರಡಕ್ಕೂ ಹೊಂದುವ ಹಾಡು ಹಾಕಿದ. ದೊಡ್ಡ ಪರದೆಯಲ್ಲಿ ಸಿಮೆಂಟಿನ ಜಾಹೀರಾತು. ಭಾಮೈದ ಅಕ್ಕನಿಗೆ ಫೋನು ಹಚ್ಚಿದ. ಅಲ್ಲಿಯವರೆಗೆ ಸತ್ತು ಬಿದ್ದಿದ್ದ ನೆಟ್‌ವರ್ಕು ಆ ಗಳಿಗೆಯಲ್ಲಿ ಎದ್ದು ಕೂತಿತು.

“ಅಕ್ಕಾ, ಔಟಾ, ಸಿಕ್ಸಾ?”

ಮನೆಯಲ್ಲಿ ಅವಳು ನೋಡುತ್ತಿದ್ದದ್ದು ಮೊಬೈಲಿನ ನೇರಪ್ರಸಾರ. ನೇರವೆಂದರೆ ಅರ್ಧ ನಿಮಿಷ ತಡ. “ಯಾವ್ದೋ? ಇಲ್ಲಿ ಇನ್ನೂ ಬೌಲರ್ ಓಡ್ಬರ್ತಾ ಇದಾನೆ” ಅಂದಳು. ಕಣ್ಣಾರೆ ಕಂಡ ನಮಗೆ ಏನಾಯಿತೆಂದು ತಿಳಿಯದು. ತಿಳಿಯಬೇಕಾದವಳು ಇನ್ನೂ ಕಂಡಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕಾದೆವು. “ಇರು… ಹೊಡ್ದ… ಹಿಡ್ದ… ಅಯ್ಯೋ, ಹಗ್ಗ ತುಳಿದ್ಬಿಟ್ಟ ಕಣೋ, ಸಿಕ್ಸು!” ಭಾಮೈದ ಎದ್ದು ನಿಂತು ಶಿಳ್ಳೆ ಹೊಡೆದ. ಸುತ್ತಲಿನವರು ವಿಚಿತ್ರವಾಗಿ ನೋಡಿದರು. ಅಷ್ಟರಲ್ಲಿ ಅವರು ಮುಂದಿನ ಚೆಂಡಿಗೆ ಹೋಗಿಯಾಗಿತ್ತು.

ಹಾಗಂತ ಎಲ್ಲವನ್ನೂ ಟಿಕೆಟ್ಟಿನ ಮೇಲೆ ಹಾಕಿದರೆ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತದೆ. ರಣಜಿ ಪಂದ್ಯಕ್ಕೆ ಟಿಕೆಟ್ಟೇ ಇಲ್ಲ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದ ಬೆಳಿಗ್ಗೆ ಚಿನ್ನಸ್ವಾಮಿಗೆ ಹೋಗಿ ಕೂತಿದ್ದೆ. ಸ್ಟ್ಯಾಂಡಿನಲ್ಲಿ ನಲವತ್ತು ಜನ. ಅರ್ಧ ಪಿಂಚಣಿದಾರರು, ಉಳಿದವರು ಕಾಲೇಜಿಗೆ ಚಕ್ಕರ್ ಹೊಡೆದವರು. ವಿಕೆಟ್ ಕೀಪರು ಸ್ಲಿಪ್ಪಿನವನಿಗೆ ಕನ್ನಡದಲ್ಲಿ ಬೈದದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಹಿಂದೆ ಕೂತಿದ್ದ ಹಿರಿಯರೊಬ್ಬರು 1974ರ ಸೆಮಿಫೈನಲ್ ಶುರು ಮಾಡಿದರು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬಾಂಬೆ, ನಮ್ಮ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಇನ್ನೊಂದು ನೂರು. ಆಮೇಲೆ ಪ್ರಸನ್ನ ಚೆಂಡಿಗೆ ಗಾವಸ್ಕರ್ ಬೌಲ್ಡ್. ಆ ಚೆಂಡು ಎಲ್ಲಿ ಬಿದ್ದು ಎಲ್ಲಿಗೆ ತಿರುಗಿತೆಂದು ಅವರು ಕಡಲೆಕಾಯಿಯೊಂದನ್ನು ಹಿಡಿದು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂರು ಸಲ ತೋರಿಸಿಯಾಗಿತ್ತು, ಪ್ರತಿ ಸಲವೂ ಕಡಲೆಕಾಯಿ ಇನ್ನಷ್ಟು ಹೆಚ್ಚು ತಿರುಗುತ್ತಿತ್ತು.

ಅಂಥ ರಣಜಿಗೂ ಜನ ಮುಗಿಬಿದ್ದದ್ದುಂಟು. 2025ರ ಜನವರಿ ಕೊನೆಯಲ್ಲಿ ದೆಹಲಿಯಲ್ಲಿ ಕೊಹ್ಲಿ ಹನ್ನೆರಡು ವರ್ಷಗಳ ಮೇಲೆ ರಣಜಿ ಆಡಿದಾಗ ಬೆಳಗಿನಿಂದಲೇ ಸಾವಿರಾರು ಜನ ಸಾಲು ನಿಂತರು. ಅವರು 6 ರನ್ನಿಗೆ ಬೌಲ್ಡ್ ಆದರು. ಜನ ಎದ್ದು ಮನೆಗೆ ಹೊರಟರು. ದೆಹಲಿಯ ಆಟ ಇನ್ನೂ ಬಾಕಿಯಿತ್ತು. ನಾವು ನೋಡಲು ಹೋಗುವುದು ಆಟವನ್ನೋ ಮುಖವನ್ನೋ ಎಂಬುದು ಟೀವಿಯವರಿಗೆ ನಮಗಿಂತ ಮೊದಲೇ ಗೊತ್ತಾಗಿದೆ.

ಒಂದು ದಿನದ ಬಗ್ಗೆ ಮಾತ್ರ ನಗುವ ಧೈರ್ಯ ನನಗಿಲ್ಲ. 2025ರ ಜೂನ್ 4. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎಂದವರಿಗೆ ಹಿಂದಿನ ರಾತ್ರಿ ಕಪ್ ಬಂದಿತ್ತು. ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಲ್ಲಿ ಸೇರಿದ್ದವರಲ್ಲಿ ಒಮ್ಮೆಯೂ ಟಿಕೆಟ್ಟು ದಕ್ಕದವರು ಎಷ್ಟು ಜನರಿದ್ದರೋ.

ನಾವು ಮನೆ ಸೇರಿದಾಗ ರಾತ್ರಿ ಒಂದು ಗಂಟೆ. ಯಾರು ಗೆದ್ದರೆಂದು ಹೆಂಡತಿಯೇ ಹೇಳಿದಳು. ಮೆಟ್ರೊ ತಪ್ಪಿಹೋದೀತೆಂದು ನಾವು ಕೊನೆಯ ಓವರಿಗೆ ಮುಂಚೆಯೇ ಎದ್ದಿದ್ದೆವು. ಭಾಮೈದ ಕಾಲು ತೊಳೆದು ಬಂದು ಅನ್ನಕ್ಕೆ ಮಜ್ಜಿಗೆ ಕಲಸುತ್ತ ಕೇಳಿದ: “ಅಕ್ಕ, ಟೀವೀಲಿ ನಮ್ಮನ್ನ ತೋರುಸಿದ್ರಾ?”

“ತೋರಿಸಿದ್ರು ಕಣೋ! ಆ ಸಿಕ್ಸ್ ಆದಾಗ. ನಾನು ಫೋಟೋನೂ ಹಿಡ್ಕೊಂಡಿದೀನಿ.”

ಇಬ್ಬರೂ ಊಟ ಬಿಟ್ಟು ಅವಳ ಮೊಬೈಲಿನ ಮೇಲೆ ಬಗ್ಗಿದೆವು. ಕಂಬ ಚೆನ್ನಾಗಿ ಬಂದಿತ್ತು. ಪಕ್ಕದಲ್ಲಿ ‘6’ ಎಂದು ಬರೆದ ಎರಡು ರಟ್ಟುಗಳು, ಗೇಟಿನಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಿದ್ದವು, ಕೆಳಗೆ ಪಾನ್ ಮಸಾಲದಂತೆ ಹೊಳೆಯುವ ಯಾವುದೋ ಕಂಪನಿಯ ಹೆಸರು. ರಟ್ಟಿನ ಹಿಂದೆ ಮುಖಗಳಿರಲಿಲ್ಲ.

“ಇದು ನಾವೇ ಅಂತ ಹೆಂಗೆ ಗೊತ್ತಾಯ್ತು?” ಅಂದೆ.

“ನಿಮ್ಮ ಕೈ ಕಾಣ್ತಾ ಇದೆಯಲ್ಲ ರೀ. ನಮ್ಮಪ್ಪ ಮದುವೇಲಿ ಕೊಟ್ಟ ವಾಚು.”

ಭಾಮೈದ ಪರದೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. “ನನ್ನ ಕೈಯಿ ಇಲ್ಲೈತೆ ನೋಡಕ್ಕ” ಎಂದು ಇನ್ನೊಂದು ರಟ್ಟಿನ ಅಂಚಿನಲ್ಲಿದ್ದ ಎರಡು ಬೆರಳು ತೋರಿಸಿದ. ಆಮೇಲೆ ಅದನ್ನು ತನ್ನ ಮೊಬೈಲಿಗೆ ಕಳಿಸಿಕೊಂಡು, ತಿಪಟೂರಿನ ಗೆಳೆಯರ ಗುಂಪಿಗೆಲ್ಲ ಹಾಕಿದ.