ಚದರ ಅಡಿಗೆ ಎಷ್ಟು ಎಂದು ಕೇಳುವ ಮೊದಲು

ಅಡಿಕೆಯದೋ ಮೆಕ್ಕೆಜೋಳದ್ದೋ ದುಡ್ಡು ಕೈಸೇರಿದ ಕೂಡಲೇ ನಮ್ಮ ದಾವಣಗೆರೆ ಕಡೆಯವರಿಗೆ ಶೆಡ್ಡಿನ ಯೋಚನೆ ಶುರುವಾಗುತ್ತದೆ. ಒಬ್ಬರಿಗೆ ದನದ ಕೊಟ್ಟಿಗೆ ಬೇಕು, ಇನ್ನೊಬ್ಬರಿಗೆ ಅಡಿಕೆ ಸುಲಿಯುವ ಯಂತ್ರ ಇಡಲು ಜಾಗ ಬೇಕು, ಐಟಿಐ ಮುಗಿಸಿ ಊರಿಗೆ ಮರಳಿದ ಹುಡುಗನಿಗೆ ಟ್ರ್ಯಾಕ್ಟರ್ ರಿಪೇರಿಗೆ ಒಂದು ವರ್ಕ್‌ಶಾಪ್ ಬೇಕು. ಕಬ್ಬಿಣ ಕತ್ತರಿಸಿ ಬೆಸೆಯುವುದೇ ನನ್ನ ಹೊಟ್ಟೆಪಾಡಾದ್ದರಿಂದ ಫೋನು ನನಗೂ ಬರುತ್ತದೆ. ಊರು ಯಾವುದು, ಮಣ್ಣು ಎಂಥದ್ದು, ಎಷ್ಟು ದನ, ಒಂದನ್ನೂ ಹೇಳುವುದಿಲ್ಲ. ಮೊದಲ ಮಾತೇ, "ಅಣ್ಣಾ, ಚದರ ಅಡಿಗೆ ಎಷ್ಟು?"

ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟಿದೆ. ಮದುವೆಯ ಖರ್ಚನ್ನು ಎಲೆಗೆ ಇಷ್ಟು ಎಂದು ಲೆಕ್ಕ ಹಾಕಿ, ಛತ್ರದ ಬಾಡಿಗೆ, ಬಟ್ಟೆ, ಬಂಗಾರವನ್ನು ಮರೆತ ಹಾಗಿದೆ ಇದು. ನಾನು ಒಂದು ದರ ಹೇಳುತ್ತೇನೆ, ಪಕ್ಕದವನು ಇಪ್ಪತ್ತು ರೂಪಾಯಿ ಕಡಿಮೆ ಹೇಳುತ್ತಾನೆ, ಕೆಲಸ ಅವನಿಗೆ ಹೋಗುತ್ತದೆ. ಹೋಗಲಿ. ಆದರೆ ಆ ಇಪ್ಪತ್ತು ರೂಪಾಯಿ ಎಲ್ಲಿಂದ ಇಳಿಯಿತು ಎಂದು ಕೊಡುವವರು ಕೇಳುವುದೇ ಇಲ್ಲವಲ್ಲ.

ನಾನೇ ಹೇಳುತ್ತೇನೆ. ಕೊಟೇಶನ್ನಿನಲ್ಲಿ "ಮೂರು ಇಂಚಿನ ಪೈಪಿನ ಕಂಬ" ಎಂದು ಬರೆದಿರುತ್ತದೆ. ಮೂರು ಇಂಚು ಎಂಬುದು ಪೈಪಿನ ಗೋಡೆಯ ದಪ್ಪವಲ್ಲ, ಅಡ್ಡಳತೆಯ ಗುರುತು ಅಷ್ಟೇ. ಗೋಡೆ ನಾಲ್ಕು ಮಿಲಿಮೀಟರ್ ಇದ್ದರೆ ಆ ಪೈಪು ಮೀಟರಿಗೆ ಸುಮಾರು ಎಂಟೂವರೆ ಕಿಲೋ ತೂಗುತ್ತದೆ. ಎರಡೇ ಮಿಲಿಮೀಟರ್ ಇದ್ದರೆ ನಾಲ್ಕು ಕಿಲೋ ಚಿಲ್ಲರೆ. ಆರು ಮೀಟರಿನ ಒಂದು ಉದ್ದ ಒಂದು ಕಡೆ ಐವತ್ತು ಕಿಲೋ, ಇನ್ನೊಂದು ಕಡೆ ಇಪ್ಪತ್ತಾರು. ಬಣ್ಣ ಹೊಡೆದು ನಿಲ್ಲಿಸಿದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ತಗಡಿನಲ್ಲಿಯೂ ಹೀಗೆಯೇ. 0.50 ಮಿಲಿಮೀಟರಿನ ಶೀಟು ಚದರ ಮೀಟರಿಗೆ ನಾಲ್ಕು ಕಿಲೋಗೆ ಹತ್ತಿರ, 0.35 ಆದರೆ ಮೂರು ಕಿಲೋ ಕೂಡ ಇಲ್ಲ. ನೆಲದಲ್ಲಿ ನಿಂತು ನೋಡುವವರಿಗೆ ಎರಡೂ ನೀಲಿ ತಗಡೇ. ಹಾಗಾಗಿ ಚದರ ಅಡಿಯ ದರ ಕೇಳಬೇಡಿ, ಒಟ್ಟು ಎಷ್ಟು ಕಿಲೋ ಕಬ್ಬಿಣ ಎಂದು ಕೇಳಿ. ಗಾಡಿ ಬಂದ ದಿನ ವೇಬ್ರಿಡ್ಜಿನ, ಅಂದರೆ ಗಾಡಿ ಸಮೇತ ತೂಗುವ ಕಾಟಾದ, ಚೀಟಿ ತೋರಿಸು ಎನ್ನಿ. ಚೀಟಿ ಎಂದ ಕೂಡಲೇ ಮುಖ ಸಿಂಡರಿಸುವವನಿಗೆ ಮುಂಗಡ ಕೊಡುವ ಅಗತ್ಯವಿಲ್ಲ.

ಇಷ್ಟಾದರೂ ಕಬ್ಬಿಣ ಚಿಕ್ಕ ಮಾತು. ನಮ್ಮ ಕಡೆ ಶೆಡ್ಡಿನ ಬಜೆಟ್ಟು ಕುಸಿಯುವುದು ಮಣ್ಣಿನಲ್ಲಿ.

ಹೊಸದುರ್ಗ, ಚಳ್ಳಕೆರೆ ಕಡೆಯ ಕೆಂಪು ಮರಳುಮಣ್ಣಿನಲ್ಲಿ ಮೂರು ಅಡಿ ಅಗೆದರೆ ಗಟ್ಟಿ ನೆಲ ಸಿಗುವ ಜಾಗಗಳಿವೆ. ಅಲ್ಲಿ ಕೆಲಸ ಮಾಡುವುದೇ ಒಂದು ಸುಖ. ಎರೆ ಭೂಮಿಯ, ಅಂದರೆ ಕಪ್ಪುಮಣ್ಣಿನ ನೆಲದ, ಕಥೆ ಬೇರೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಆ ಬಿರುಕಿನೊಳಗೆ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತದೆ. ಅಂಥ ನೆಲದ ಮೇಲೆ ನೇರವಾಗಿ ನಾಲ್ಕು ಇಂಚು ಕಾಂಕ್ರೀಟ್ ಎಳೆದರೆ ಎರಡು ಮಳೆಗಾಲ ಕಳೆಯುವುದರೊಳಗೆ ನಟ್ಟನಡುವೆ ಸೀಳು ಬಿಡುತ್ತದೆ, ಒಂದು ಬದಿ ಮೇಲೆದ್ದು ಗಂಜಲ ಚರಂಡಿಯ ಕಡೆ ಹೋಗದೆ ಗೋದಲಿಯ ಕಡೆ ಹರಿಯುತ್ತದೆ. ಆಗ ಬೈಸಿಕೊಳ್ಳುವವನು ಗಾರೆ ಮೇಸ್ತ್ರಿ. ಪಾಪ, ಅವನು ಸಿಮೆಂಟು ಸರಿಯಾಗಿಯೇ ಹಾಕಿರುತ್ತಾನೆ.

ಇಪ್ಪತ್ತು ನಲವತ್ತರ ಒಂದು ಶೆಡ್ ಎಂದುಕೊಳ್ಳಿ, ಎಂಟುನೂರು ಚದರ ಅಡಿ. ಎರಡು ಅಡಿ ಎರೆಮಣ್ಣು ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಬೇಕೆಂದರೆ 1600 ಘನ ಅಡಿ. ನೀರು ಹಾಕಿ ಒತ್ತಿ ದಮ್ಮಸ್ಸು ಮಾಡಿದಾಗ ಗರಸು ಕುಗ್ಗುವುದರಿಂದ ಎರಡು ಸಾವಿರ ಘನ ಅಡಿ ತರಿಸಬೇಕು. ಟ್ರಾಲಿಗೆ ನೂರು ಘನ ಅಡಿ ಹಿಡಿದರೂ ಇಪ್ಪತ್ತು ಟ್ರಾಲಿ. ಇದರ ಮೇಲೆ ಜೆಸಿಬಿಯ ಗಂಟೆಯ ಬಾಡಿಗೆ, ರೋಲರ್, ನೀರು. ನಂತರ ನಾಲ್ಕು ಇಂಚಿನ ಕಾಂಕ್ರೀಟಿಗೆ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಹದದಲ್ಲಿ, ಐವತ್ತು ಚೀಲಕ್ಕೆ ಒಂದೆರಡು ಕಡಿಮೆ ಸಿಮೆಂಟು. ಚದರ ಅಡಿಯ ದರ ಹೇಳಿದವನ ಕಾಗದದಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ "ಸಿವಿಲ್ ಕೆಲಸ ಮಾಲೀಕರದು" ಎಂದಿರುತ್ತದೆ. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಮುಂಚಿನ ಅಂದಾಜುಪಟ್ಟಿ ಹಿಡಿದುಕೊಂಡು ಬಂದವರ ಜೊತೆ ಮತ್ತೊಮ್ಮೆ ಕುಳಿತು ಮಾತನಾಡಿ.

ಕಂಬದ ಗುಂಡಿಯಲ್ಲೂ ಇದೇ ಲೆಕ್ಕ. ಎರೆಮಣ್ಣು ದಾಟಿ ಗರಸು ಸಿಗುವವರೆಗೆ ಇಳಿಯಬೇಕು. ಐದಾರು ಅಡಿಗೂ ಸಿಗದಿದ್ದರೆ ಆಗರ್ ಎಂಬ ತಿರುಪಿನಂಥ ಕೊರೆಯುವ ಸಾಧನದಲ್ಲಿ ಹನ್ನೊಂದು ಹನ್ನೆರಡು ಅಡಿ ಕೊರೆದು, ತಳದಲ್ಲಿ ಗುಂಡಿಯನ್ನು ಗಂಟೆಯ ಆಕಾರಕ್ಕೆ ಅಗಲಿಸಿ ಕಾಂಕ್ರೀಟ್ ತುಂಬುವ ವಿಧಾನವಿದೆ. ಎರೆ ನೆಲಕ್ಕೆಂದೇ ಇದನ್ನು ರೂಢಿಗೆ ತಂದವರು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು. ಆರು ಹಸುವಿನ ಕೊಟ್ಟಿಗೆಗೆ ಅಷ್ಟು ಬೇಡ. ಲೇತ್ (ಕಬ್ಬಿಣವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಕೂರಿಸುವ ವರ್ಕ್‌ಶಾಪಿಗೆ ಖಂಡಿತ ಯೋಚಿಸಿ. ನೆಲ ಕೂದಲೆಳೆಯಷ್ಟು ವಾಲಿದರೂ ಲೇತ್ ಅದನ್ನು ಕೆಲಸದಲ್ಲಿ ತೋರಿಸುತ್ತದೆ. ಯಂತ್ರದ ಬುನಾದಿಯನ್ನು ಶೆಡ್ಡಿನ ನೆಲಕ್ಕೆ ಅಂಟಿಸದೆ ಬೇರೆಯಾಗಿಯೇ ಹಾಕಿಸಬೇಕು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೇ ಹೆಸರಾಗಿತ್ತು. ಲೇತ್ ಮಾಡಿದ ಜಿಲ್ಲೆಯಲ್ಲಿ ಲೇತ್ ಎಲ್ಲಿ ಕೂರಬೇಕೆಂದು ಹೇಳಿಕೊಡಬೇಕಾಗಿ ಬಂದಿದೆ.

ಹಾಗಾದರೆ ಖರ್ಚು ಏರುತ್ತದಲ್ಲ ಎನ್ನುವಿರಿ. ಏರುತ್ತದೆ. ಅದನ್ನು ಇಳಿಸುವ ದಾರಿ ಪೈಪು ತೆಳುವಾಗಿಸುವುದಲ್ಲ, ಶೆಡ್ ಚಿಕ್ಕದಾಗಿಸುವುದು. ಆರು ಹಸು ಇರುವವರೂ ಮೂವತ್ತು ನಲವತ್ತು ಬೇಕು ಎನ್ನುತ್ತಾರೆ. ಮನೆಯ ನಿವೇಶನದ ಅಳತೆ ತಲೆಯಲ್ಲಿ ಕೂತುಬಿಟ್ಟಿದೆ. ಭಾರತೀಯ ಮಾನಕದ ಪ್ರಕಾರ ದೊಡ್ಡ ಹಸುವೊಂದಕ್ಕೆ ಸೂರಿನಡಿ ಬೇಕಾದದ್ದು ಮೂರೂವರೆ ಚದರ ಮೀಟರ್, ಬಯಲಿನಲ್ಲಿ ಏಳು. ಎಮ್ಮೆಗೆ ನಾಲ್ಕು ಮತ್ತು ಎಂಟು. ಅಂದರೆ ಆರು ಹಸುಗಳಿಗೆ ಸೂರು ಇನ್ನೂರ ಮೂವತ್ತು ಚದರ ಅಡಿಯೊಳಗೇ ಮುಗಿಯುತ್ತದೆ. ಓಡಾಡಲು ದಾರಿ, ಮೇವಿನ ಕೋಣೆ, ಕರುಗಳಿಗೆ ಮೂಲೆ ಸೇರಿಸಿದರೂ ಇಪ್ಪತ್ತು ನಲವತ್ತು ಧಾರಾಳ. ಉಳಿದದ್ದಕ್ಕೆ ಬೇಲಿ ಹಾಕಿ, ಒಂದು ಬೇವಿನ ಗಿಡ ನೆಡಿ. ಹಸು ಬಯಲಲ್ಲಿ ಓಡಾಡಿಕೊಂಡಿದ್ದರೆ ಅದರ ಕಾಲಿಗೂ ಒಳ್ಳೆಯದು, ನಿಮ್ಮ ಜೇಬಿಗೂ ಒಳ್ಳೆಯದು.

ಅಳತೆ ನಿರ್ಧರಿಸುವಾಗ ಮನೆಯ ಹೆಂಗಸರನ್ನು ಕರೆಯಿರಿ ಎಂದು ಎಷ್ಟು ಸಲ ಹೇಳಿದರೂ ಗಂಡಸರಿಗೆ ಅದು ತಮಾಷೆ. ಜಗಳೂರು ಕಡೆಯ ಒಂದು ಮನೆಯಲ್ಲಿ ಯಜಮಾನರು, ಮಗ, ನಾನು ಮೂವರೂ ಟೇಪು ಹಿಡಿದು ಓಡಾಡುತ್ತಿದ್ದೆವು. ಸೊಸೆ ಸಗಣಿಯ ಬುಟ್ಟಿ ಹೊತ್ತು ನಿಂತು ನೋಡಿದರು. "ಅಣ್ಣಾ, ತಿಪ್ಪೆ ಆ ಕಡೆ ಇದೆ, ನೀವು ಬಾಗಿಲು ಈ ಕಡೆ ಇಟ್ಟಿದ್ದೀರಿ. ದಿನಾ ಎರಡು ಹೊತ್ತು ಶೆಡ್ಡನ್ನೆಲ್ಲ ಸುತ್ತಿಕೊಂಡು ಹೋಗುವವಳು ನಾನು" ಎಂದರು. ಯಜಮಾನರು, "ವಾಸ್ತು ಪ್ರಕಾರ ಬಾಗಿಲು ಇಲ್ಲೇ ಬರಬೇಕಮ್ಮ" ಎಂದರು. "ಬಾಗಿಲು ಅಲ್ಲೇ ಇರಲಿ ಮಾವ, ಹಿಂದೆ ಇನ್ನೊಂದು ಕಿಂಡಿ ಬಿಡಲಿ, ಅದಕ್ಕೇನು ವಾಸ್ತು ಇದೆಯೇ?" ಯಜಮಾನರು ನಕ್ಕು ಸುಮ್ಮನಾದರು. ಮೂರು ಅಡಿಯ ಕಿಂಡಿ ಬಂತು. ಅದಕ್ಕೆ ಖರ್ಚಾದದ್ದು ಏನೂ ಇಲ್ಲ, ಅಷ್ಟು ತಗಡು ಉಳಿಯಿತು.

ಅಲ್ಲಿಂದ ಮುಂದೆ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಪೂರ್ತಿ ಶೆಡ್ಡಿನ ಗೆರೆ ಎಳೆಸದೆ ನಾನು ಗುಂಡಿ ತೆಗೆಸುವುದಿಲ್ಲ. ಗೆರೆಯೊಳಗೆ ಒಂದು ಹಸು ತಂದು ಕಟ್ಟಿಸುತ್ತೇನೆ. ಟ್ರ್ಯಾಕ್ಟರಿಗೆ ಟ್ರಾಲಿ ಸಿಕ್ಕಿಸಿ ಅಲ್ಲೇ ತಿರುಗಿಸಲು ಹೇಳುತ್ತೇನೆ. ಕಾಗದದಲ್ಲಿ ಸಲೀಸಾಗಿ ತಿರುಗಿದ ಟ್ರಾಲಿ ನೆಲದ ಮೇಲೆ ಕಂಬ ಬರುವ ಜಾಗವನ್ನೇ ತುಳಿದುಕೊಂಡು ಹೋಗುತ್ತದೆ. ಮೆಕ್ಕೆಜೋಳದ ಸಪ್ಪೆ ಹೇರಿದ ಗಾಡಿ ಒಳಗೆ ಬರಬೇಕಾದರೆ ಬಾಗಿಲು ಹನ್ನೆರಡು ಅಡಿ ಅಗಲವಾದರೂ ಇರಬೇಕು. ಎತ್ತರವನ್ನು ಮೇವು ಹೇರಿದ ಗಾಡಿಯನ್ನೇ ನಿಲ್ಲಿಸಿ ಅಳೆಯಬೇಕು, ಖಾಲಿ ಗಾಡಿಯನ್ನಲ್ಲ.

ಗಾಳಿಯ ವಿಷಯ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನೋಡುತ್ತೇವೆ, ಆದರೂ ತಗಡಿನ ಮನೆ ಕಟ್ಟುವಾಗ ಗಾಳಿಯೇ ಇಲ್ಲ ಎಂಬಂತೆ ಕಟ್ಟುತ್ತೇವೆ. ಚಾವಣಿ ಮೇಲಿನ ಭಾರಕ್ಕೆ ಕುಸಿಯುತ್ತದೆ ಎಂದೇ ಎಲ್ಲರ ಭಯ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಶೆಡ್ಡು ಕುಸಿಯುವುದು ಅಪರೂಪ, ಹಾರುವುದೇ ಹೆಚ್ಚು. ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಮೂವತ್ತೆಂಟು ಕಿಲೋದಷ್ಟು ಒತ್ತಡ ತರುತ್ತದೆ. ಎಂಟುನೂರು ಚದರ ಅಡಿಯ ಚಾವಣಿಯನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆದರೂ ಎರಡೂಮುಕ್ಕಾಲು ಟನ್ನಿಗಿಂತ ಹೆಚ್ಚು. ತಗಡಿನ ತೂಕ ಮುನ್ನೂರು ಕಿಲೋ. ಬದಿಗಳು ತೆರೆದಿದ್ದರೆ ಗಾಳಿ ಒಳಹೊಕ್ಕು ಕೆಳಗಿನಿಂದಲೂ ನೂಕುತ್ತದೆ. ಹಿಡಿದುಕೊಳ್ಳುವುದು ಕಂಬದ ಬುಡದ ಕಾಂಕ್ರೀಟು. ಎರಡು ಅಡಿ ಚೌಕ, ಮೂರು ಅಡಿ ಆಳದ ಒಂದು ಗುಂಡಿ ತುಂಬಿದರೆ ಎಂಟುನೂರು ಕಿಲೋ ಆಗುತ್ತದೆ. ಒಂದೂವರೆ ಅಡಿಯ ಗುಂಡಿಯಲ್ಲಿ ಪೈಪು ನಿಲ್ಲಿಸಿ ಕಲ್ಲು ತುಂಬಿ ಹೋಗುವವರನ್ನು ನಾನು ಬಲ್ಲೆ, ಮುಂಗಾರಿಗೆ ಮುಂಚಿನ ಮೊದಲ ಬಿರುಗಾಳಿಗೆ ಅವರ ಫೋನು ಸ್ವಿಚ್ ಆಫ್. ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಟ್ಟರೆ ಸಂಜೆಯ ಬಿಸಿಲಿಗೂ ಪಡುವಣ ಗಾಳಿಮಳೆಗೂ ಎದುರಾಗುವುದು ಚಿಕ್ಕ ಬದಿ ಮಾತ್ರ, ಆ ಒಂದು ಬದಿಗೆ ಗೋಡೆ ಸಾಕು.

ತಗಡಿನಿಂದ ಸುರಿಯುವ ನೀರಿಗೆ ದೋಣಿ, ಅಂದರೆ ಚಾವಣಿಯ ಅಂಚಿನಲ್ಲಿ ನೀರು ಹಿಡಿದು ಹರಿಸುವ ಕಾಲುವೆ, ಹಾಕಿಸಿ ಎಂದರೆ "ಆಮೇಲೆ ನೋಡೋಣ" ಎನ್ನುತ್ತಾರೆ. ಒಂದು ಇಂಚು ಮಳೆ ಬಂದರೆ ಎಂಟುನೂರು ಚದರ ಅಡಿಯಿಂದ ಸಾವಿರದ ಎಂಟುನೂರು ಲೀಟರಿಗಿಂತ ಹೆಚ್ಚು ನೀರು ಇಳಿಯುತ್ತದೆ. ಅದು ನೇರ ಕಂಬದ ಬುಡಕ್ಕೆ, ಎರೆಮಣ್ಣಿಗೆ. ನೂರಾರು ಅಡಿ ಬೋರು ಕೊರೆಸಿ ನೀರಿಗೆ ಬಾಯಿ ಬಿಡುವ ನಾವು, ಮನೆಬಾಗಿಲಿಗೆ ಬಂದ ನೀರಿನಿಂದಲೇ ಬುನಾದಿ ಕೆಡಿಸಿಕೊಳ್ಳುತ್ತೇವೆ.

ನೆಲದ ಬಗ್ಗೆ ಇನ್ನೊಂದು ಮಾತು. ಹಸು ನಿಲ್ಲುವ ಐದೂವರೆ ಅಡಿಗೆ ಒಂದೂವರೆ ಇಂಚು ಇಳಿಜಾರು ಬೇಕು. ಮೇಲ್ಮೈ ಒರಟಾಗಿರಬೇಕು, ಕಾಂಕ್ರೀಟ್ ಹಸಿ ಇರುವಾಗಲೇ ಕಸಬರಿಗೆಯಲ್ಲಿ ಗೀರು ಎಳೆಯಬೇಕು. ಮೇಸ್ತ್ರಿಗಳಿಗೆ ಕನ್ನಡಿಯಂತೆ ನುಣುಪು ಮಾಡುವುದೇ ಹೆಮ್ಮೆ, ಹತ್ತಿರ ನಿಂತು ತಡೆಯದಿದ್ದರೆ ಮಾಡಿಯೇ ಬಿಡುತ್ತಾರೆ. ಜಾರಿ ಬಿದ್ದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಮತ್ತೆ ಏಳುವುದು ಕಷ್ಟ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಕೃಷಿ ಜಮೀನಿನಲ್ಲಿ ಕೃಷಿಗೆ ಬೇಕಾದ ಕಟ್ಟಡ ಕಟ್ಟಿಕೊಳ್ಳಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ. ಊರವರ ಟ್ರ್ಯಾಕ್ಟರ್ ರಿಪೇರಿ ಮಾಡುವ ವರ್ಕ್‌ಶಾಪು ಅದರಲ್ಲಿ ಬರುವುದಿಲ್ಲ, ಭೂ ಪರಿವರ್ತನೆ ಬೇಕಾಗಬಹುದು, ಕಂದಾಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬೇಕೆಂದರೆ ಅದರ ಖರ್ಚು, ಸಮಯ ಎರಡನ್ನೂ ಬಜೆಟ್ಟಿನ ಮೊದಲ ಸಾಲಿನಲ್ಲಿ ಬರೆಯಿರಿ. ಪಂಪ್‌ಸೆಟ್ಟಿನ ಉಚಿತ ಕರೆಂಟು ನೀರೆತ್ತಲು ಮಾತ್ರ. ಮೇವು ಕತ್ತರಿಸುವ ಯಂತ್ರಕ್ಕೆ, ವೆಲ್ಡಿಂಗಿಗೆ ಬೆಸ್ಕಾಂನಿಂದ ಬೇರೆ ಮೀಟರ್ ಬೇಕು, ಕಂಬ ದೂರವಿದ್ದರೆ ತಂತಿಯ ಖರ್ಚೂ ನಿಮ್ಮದೇ. ಇನ್ನು ಸರ್ಕಾರದ ಹಣ. ನರೇಗಾದಲ್ಲಿ ಕೊಟ್ಟಿಗೆಗೆ ನಿಗದಿಯಾಗಿದ್ದದ್ದು 57 ಸಾವಿರ. ಕೆಲಸವಾಗಿ ಫೋಟೋ ಹಿಡಿದ ಮೇಲೆ ಬರುತ್ತಿದ್ದ ಹಣ ಅದು. ಬರುವ ಸಹಾಯಧನವನ್ನು ಕೈಯಲ್ಲಿರುವ ಹಣವೆಂದು ಎಣಿಸಿ ಕಂಬ ನಿಲ್ಲಿಸಿ, ತಗಡಿಗೆ ಕೈಸಾಲ ಮಾಡಿದ ಮನೆಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ.

ನನ್ನ ಅಭಿಪ್ರಾಯದಲ್ಲಿ ಹಣ ಹಂಚುವ ಕ್ರಮ ಇಷ್ಟೇ: ಆಮೇಲೆ ಮಾಡಲಾಗದ ಕೆಲಸಕ್ಕೆ ಮೊದಲ ದುಡ್ಡು. ನೆಲ, ಬುನಾದಿ, ಎತ್ತರ, ಇಳಿಜಾರು, ನೀರಿನ ಪೈಪು ನೆಲದಡಿ ಹಾದುಹೋಗುವ ದಾರಿ, ಇವನ್ನು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲಾಗದು. ಬದಿಯ ಗೋಡೆ, ಬಣ್ಣ, ಟೈಲ್ಸು, ಮುಂದಿನ ಗೇಟು ಇನ್ನೊಂದು ಬೆಳೆಗೆ ಕಾಯಲಿ. ಕೊನೆಯ ಟ್ರಸ್ಸಿಗೆ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು) ಮುಂದೆ ಜೋಡಿಸಲು ಕ್ಲೀಟು, ಅಂದರೆ ಬೆಸೆದ ಕಬ್ಬಿಣದ ತುಂಡು, ಬಿಟ್ಟರೆ ಎರಡು ವರ್ಷ ಬಿಟ್ಟು ಹತ್ತು ಅಡಿ ಬೆಳೆಸಿಕೊಳ್ಳಬಹುದು. ಒಟ್ಟು ಅಂದಾಜಿನ ಮೇಲೆ ನೂರಕ್ಕೆ ಹದಿನೈದು ಎತ್ತಿಟ್ಟುಕೊಳ್ಳಿ. ಅಷ್ಟನ್ನೂ ಗೇಟಿನ ಮೇಲೆ ಮನೆದೇವರ ಹೆಸರು ಕತ್ತರಿಸಿ ಬೆಸೆಯಲು ಖರ್ಚು ಮಾಡುವವರಿದ್ದಾರೆ. ಆ ಕೆಲಸದಲ್ಲಿ ನನಗೆ ಒಳ್ಳೆಯ ಲಾಭವಿದೆ, ಆದರೂ ಬೇಡ ಎನ್ನುತ್ತೇನೆ.

ಈ ಬೇಸಿಗೆಗೆ ಕಟ್ಟಿಸಬೇಕೆಂದಿರುವವರು ಯುಗಾದಿಯೊಳಗೆ ಮಣ್ಣು ಅಗೆದು ನೋಡಿರಬೇಕು. ಮೇ ಕೊನೆಯಲ್ಲಿ ಬಂದು ಗುಂಡಿ ತೆಗೆಯೋಣ ಎನ್ನುವವರಿಗೆ ದೀಪಾವಳಿ ಕಳೆಯಲಿ ಎಂದೇ ಹೇಳುತ್ತೇನೆ. ಎರೆ ಹೊಲದ ಗುಂಡಿಗೆ ಒಮ್ಮೆ ನೀರು ನಿಂತಿತೆಂದರೆ ತಳದ ಮಣ್ಣು ಕೆಸರಾಗುತ್ತದೆ, ಅದನ್ನು ಬಳಿದು ಇನ್ನೂ ಒಂದು ಅಡಿ ಇಳಿಯಬೇಕು, ಆ ಕಾಂಕ್ರೀಟಿನ ದುಡ್ಡೂ ನಿಮ್ಮದೇ.