ಜಾಗ ಬಿಟ್ಟುಕೊಟ್ಟವಳು

2023ರ ಸೆಪ್ಟೆಂಬರ್ 3, ಬ್ರಸೆಲ್ಸ್. ಯುರೋಪಿಯನ್ ವಾಲಿಬಾಲ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಟರ್ಕಿಯ ಹೆಣ್ಣುಮಕ್ಕಳು ಸರ್ಬಿಯಾವನ್ನು ಐದು ಸೆಟ್ ಕಾದಾಡಿ ಮಣಿಸಿದರು. ಕೊನೆಯ ಸೆಟ್ 15-13. ಮೆಲಿಸ್ಸಾ ವರ್ಗಾಸ್ ಒಬ್ಬಳದೇ 41 ಪಾಯಿಂಟ್! ಮರುದಿನ ಎಲ್ಲಿ ನೋಡಿದರೂ ಅವಳದೇ ಫೋಟೊ. ಸಲ್ಲಬೇಕಾದದ್ದೇ ಬಿಡಿ. ಆದರೆ ಆ ತಂಡದಲ್ಲಿ ನನ್ನ ಕಣ್ಣು ಇದ್ದದ್ದು ಎಬ್ರಾರ್ ಕರಾಕುರ್ಟ್ ಮೇಲೆ.

ಬಾಲಿಕೆಸಿರ್‌ನಲ್ಲಿ 2000ದಲ್ಲಿ ಹುಟ್ಟಿದ ಹುಡುಗಿ, ಆರಡಿ ಮೀರಿದ ಎತ್ತರ. ಇಸ್ತಾಂಬುಲ್‌ನ ವಾಕಿಫ್‌ಬ್ಯಾಂಕ್ ಕ್ಲಬ್‌ನಲ್ಲಿ ಪಳಗಿದವಳು. ಹದಿನೆಂಟಕ್ಕೇ ರಾಷ್ಟ್ರೀಯ ತಂಡದಲ್ಲಿ ಅಪೋಸಿಟ್ ಆಗಿ, ಅಂದರೆ ಬಲಬದಿಯಿಂದ ದಾಳಿ ಮಾಡುವ ಆಟಗಾರ್ತಿಯಾಗಿ, ಸ್ಮ್ಯಾಶ್ ಹೊಡೆಯುತ್ತಿದ್ದಳು. ಆಮೇಲೆ ಇಟಲಿಯ ನೊವಾರಾ ಕ್ಲಬ್, ಅಲ್ಲಿಂದ ರಷ್ಯಾದ ಕಲಿನಿನ್‌ಗ್ರಾಡ್ ಕ್ಲಬ್. ತಂಡದ ಮುಖ್ಯ ಅಸ್ತ್ರ ತಾನೇ ಎಂದು ಬೆಳೆದವಳು.

ಅಷ್ಟರಲ್ಲಿ ವರ್ಗಾಸ್ ಬಂದಳು. ಕ್ಯೂಬಾದಲ್ಲಿ ಹುಟ್ಟಿ 2021ರಲ್ಲಿ ಟರ್ಕಿಯ ಪೌರತ್ವ ಪಡೆದ ಆಕೆಗೆ 2023ರಲ್ಲಿ ಆ ದೇಶದ ಪರ ಆಡುವ ಅವಕಾಶ ಸಿಕ್ಕಿತು. ಅವಳೂ ಅಪೋಸಿಟ್! ಕೋರ್ಟಿನಲ್ಲಿ ಇರುವುದು ಅಂಥದ್ದೊಂದೇ ಜಾಗ. ಕೋಚ್ ಡಾನಿಯೆಲೆ ಸಾಂಟರೆಲ್ಲಿ ಅದನ್ನು ವರ್ಗಾಸ್‌ಗೆ ಕೊಟ್ಟು, ಎಬ್ರಾರ್‌ಳನ್ನು ಎಡಬದಿಯಿಂದ ಆಡುವ ಔಟ್‌ಸೈಡ್ ಹಿಟರ್ ಮಾಡಿದರು.

ವಾಲಿಬಾಲ್ ಆಡಿದವರಿಗೆ ಇದರ ಬಿಸಿ ಗೊತ್ತು. ಅಪೋಸಿಟ್‌ಗೆ ಸಾಮಾನ್ಯವಾಗಿ ಸರ್ವ್ ರಿಸೀವ್ ಮಾಡುವ ಗೋಜಿಲ್ಲ, ಹೊಡೆಯುವುದೇ ಕೆಲಸ. ಔಟ್‌ಸೈಡ್ ಹಿಟರ್ ಹಾಗಲ್ಲ; ರಕ್ಷಣೆಗೆಂದೇ ಇರುವ ಲಿಬೆರೊ ಜೊತೆ ನಿಂತು ಎದುರಾಳಿಯ ಸರ್ವ್ ಎತ್ತಬೇಕು, ಚೆಂಡು ಹೊಡೆತಕ್ಕೆ ಎತ್ತಿಕೊಡುವ ಸೆಟ್ಟರ್ ಕೈಗೆ ಹೋಗುವಷ್ಟರಲ್ಲಿ ಓಡಿ ಬಂದು ಮತ್ತೆ ಹಾರಬೇಕು. ರಿಸೀವ್‌ನಲ್ಲಿ ಯಾರು ದುರ್ಬಲರೋ ಅವರ ಮೇಲೇ ಎದುರಾಳಿ ಸರ್ವ್ ಹಾಕುತ್ತಾನೆ, ಮತ್ತೆ ಮತ್ತೆ ಹಾಕುತ್ತಾನೆ. ಹೊಡೆತ ತಪ್ಪಿದರೆ ಜನ ಮರೆಯುತ್ತಾರೆ, ರಿಸೀವ್ ತಪ್ಪಿದರೆ ಇಡೀ ಕ್ರೀಡಾಂಗಣಕ್ಕೆ ಕಾಣುತ್ತದೆ. ಇಪ್ಪತ್ಮೂರರಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ಅಂಥ ಜಾಗಕ್ಕೆ ಹೋಗಿ ನಿಲ್ಲುವುದಿದೆಯಲ್ಲ, ಅದಕ್ಕೆ ಸ್ಮ್ಯಾಶ್‌ಗಿಂತ ದೊಡ್ಡ ಎದೆ ಬೇಕು. ಆ ವರ್ಷ ಟರ್ಕಿ ನೇಷನ್ಸ್ ಲೀಗ್ ಗೆದ್ದಿತು, ವಿಶ್ವದ ಒಂದನೇ ರ್‍ಯಾಂಕ್‌ಗೆ ಏರಿತು, ಮೊದಲ ಬಾರಿಗೆ ಯುರೋಪಿನ ಚಾಂಪಿಯನ್ ಆಯಿತು. 2003ರಲ್ಲೂ 2019ರಲ್ಲೂ ಸ್ವಂತ ನೆಲದ ಅಂಕಾರಾದಲ್ಲೇ ಫೈನಲ್ ಸೋತಿದ್ದ ತಂಡ ಅದು. ಇಬ್ಬರು ಅಪೋಸಿಟ್‌ಗಳನ್ನು ಒಟ್ಟಿಗೆ ಕೋರ್ಟಿಗಿಳಿಸಲು ಆಗಿದ್ದು ಒಬ್ಬಳು ಜಾಗ ಬಿಟ್ಟಿದ್ದರಿಂದ.

ಆಟದ ಹೊರಗೂ ಆಕೆ ತಿಂದ ಪೆಟ್ಟು ಕಡಿಮೆಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಬೆನ್ನಲ್ಲೇ, 2021ರಲ್ಲಿ, ಪ್ರೇಯಸಿಯ ಜೊತೆಗಿನ ಫೋಟೊ ಹಾಕಿದಳೆಂದು ಸಂಪ್ರದಾಯವಾದಿಗಳು ಮುಗಿಬಿದ್ದರು, ತಂಡದಿಂದ ಕಿತ್ತುಹಾಕಿ ಎಂದರು. ತಂಡ ಬಿಡಲಿಲ್ಲ, ಆಕೆಯೂ ತಲೆ ತಗ್ಗಿಸಲಿಲ್ಲ. ಬಯ್ಯುವವರು 2023ರಲ್ಲೂ ಬಯ್ಯುತ್ತಲೇ ಇದ್ದರು. ಅದೇ ದೇಶ ಕಪ್ ಬಂದಾಗ ಬೀದಿಗಿಳಿದು ಕುಣಿಯಿತು.

ಎಬ್ರಾರ್ ದೊಡ್ಡ ರಿಸೀವರ್ ಎಂದು ನಾನೇನೂ ವಾದಿಸುವುದಿಲ್ಲ. ಆ ತಂಡ ಆಮೇಲೆ ಎಲ್ಲವನ್ನೂ ಗೆದ್ದಿತೆಂದೂ ಅಲ್ಲ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಟರ್ಕಿ ಚೀನಾವನ್ನು ಐದು ಸೆಟ್‌ನಲ್ಲಿ ದಾಟಿತು. ಸೆಮಿಯಲ್ಲಿ ಇಟಲಿಗೆ, ಕಂಚಿಗೆ ಬ್ರೆಜಿಲ್‌ಗೆ ಸೋತು ನಾಲ್ಕನೇ ಸ್ಥಾನಕ್ಕೆ ನಿಂತಿತು. ಆದರೆ ಬ್ರಸೆಲ್ಸ್ ಫೈನಲ್‌ನ ವಿಡಿಯೊ ಸಿಕ್ಕರೆ ಒಮ್ಮೆ ಚೆಂಡಿನ ಹಿಂದೆ ಕಣ್ಣು ಓಡಿಸದೆ ನೋಡಿ. ಸರ್ಬಿಯಾದವರು ಸರ್ವ್‌ಗೆ ನಿಂತಾಗ ಈಕೆ ಎಲ್ಲಿ ನಿಂತಿದ್ದಾಳೆ, ಮೊಣಕಾಲು ಎಷ್ಟು ಬಗ್ಗಿಸಿದ್ದಾಳೆ ಅಂತ ಗಮನಿಸಿ. ಆಮೇಲೆ ಬೇಕಿದ್ದರೆ ನನ್ನ ಜೊತೆ ಜಗಳಕ್ಕೆ ಬನ್ನಿ.