ಈ ಸಲದ ತೆನೆ ಯಾರ ಗದ್ದೆಯದು?

ಸೆಪ್ಟೆಂಬರ್ 8 ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕೆಥೊಲಿಕರ ಫೇಸ್‌ಬುಕ್ ತುಂಬ ಬಾಳೆಲೆ ಊಟದ ಫೋಟೊಗಳು. ಮೊಂತಿ ಹಬ್ಬ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ; ಚರ್ಚಿನಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತರುವ ದಿನ. ಮೂರೋ ಐದೋ ಒಂಬತ್ತೋ, ತರಕಾರಿಯ ಲೆಕ್ಕ ಬೆಸ ಇರಬೇಕು, ಮೀನು ಮಾಂಸ ಇಲ್ಲ. ಊಟದ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಈಗೀಗ ಬರೀ ಪಲ್ಯ ಎಣಿಸುವುದೇ ಆಗಿದೆ. ಊಟಕ್ಕೆ ಮೊದಲು ಎಲ್ಲರೂ ಕುಡಿಯುವ ಆ ಒಂದು ಗುಟುಕು ಹಾಲು, ಅದರಲ್ಲಿ ಅರೆದು ಬೆರೆಸಿದ ನಾಲ್ಕು ಹೊಸ ಅಕ್ಕಿಕಾಳು, ಅವುಗಳ ಫೋಟೊ ಯಾರೂ ಹಾಕುವುದಿಲ್ಲ.

ಹಬ್ಬ ಬರುವ ಕಾಲವನ್ನು ಗಮನಿಸಿ. ನಮ್ಮ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಹೆಚ್ಚಿನ ಕಡೆ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲಿ. ಸೆಪ್ಟೆಂಬರ್ ಮೊದಲ ವಾರ ಪೈರು ಇನ್ನೂ ತೆನೆ ಹೊರಬೀಳದ ಹೊಡೆಯಲ್ಲೋ ಹೂವಿನಲ್ಲೋ ಇರುತ್ತದೆ. ಹೂವಿಗೆ ಜಡಿಮಳೆ ಹೊಡೆದರೆ ಕಾಳು ಕಟ್ಟುವುದಿಲ್ಲ, ಹಂದಿ ನುಗ್ಗಿದರೆ ಬೆಳಗಾಗುವುದರೊಳಗೆ ಗದ್ದೆ ನೆಲಸಮ. ಎಷ್ಟು ಮುಡಿ ಅಕ್ಕಿ ಬಂದೀತು ಅಂತ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ ದೇವರಿಗೆ ವಂದನೆ ಸಲ್ಲಿಸುವ ಹಬ್ಬ ಇದು. ಬೈಬಲಿನ ಯಾಜಕಕಾಂಡ 23ನೇ ಅಧ್ಯಾಯದಲ್ಲೂ ಇದೇ ಕಟ್ಟಳೆ: ಮೊದಲ ಸಿವುಡು ಅರ್ಪಿಸುವ ತನಕ ಹೊಸ ಬೆಳೆಯ ರೊಟ್ಟಿ, ಹುರಿದ ಕಾಳು, ಹಸಿ ತೆನೆ ಯಾವುದನ್ನೂ ಬಾಯಿಗಿಡುವಂತಿಲ್ಲ. ಬೆಳೆ ಮನೆ ಸೇರಿದ ಮೇಲೆ ಕೈಮುಗಿಯುವುದು ಯಾರಿಗೂ ಕಷ್ಟವಲ್ಲ ಬಿಡಿ.

ಈಗ ಎಷ್ಟೋ ಚರ್ಚುಗಳಿಗೆ ತೆನೆ ಬರುವುದು ಎಲ್ಲಿಂದಲೋ, ಹಿಂದಿನ ದಿನ, ಪಿಕಪ್ಪಿನಲ್ಲಿ. ಗದ್ದೆಗಳೇ ಇಲ್ಲವಲ್ಲ ಅಂತೀರಾ? ಲೆಕ್ಕ ಹಾಕಿ. 500 ಕುಟುಂಬ, ಮನೆಗೆ ಎರಡರಂತೆ 1000 ತೆನೆ. ಬುಡಕ್ಕೆ ಎಂಟೇ ತೆನೆ ಅಂದರೂ 125 ಬುಡ. 20×15 ಸೆಂ.ಮೀ. ಅಂತರದಲ್ಲಿ ನೆಟ್ಟರೆ ನಾಲ್ಕು ಚದರ ಮೀಟರ್ ಜಾಗ. ಹಾಳಾಗುವುದನ್ನೂ ಸೇರಿಸಿ ಹತ್ತು ಇಟ್ಟುಕೊಳ್ಳಿ. ಚರ್ಚ್ ಅಂಗಳದಲ್ಲಿ ಒಂದು ಕಾರು ನಿಲ್ಲುವಷ್ಟು.

ಸಮಯ ಮಾತ್ರ ತಪ್ಪಬಾರದು. ಜ್ಯೋತಿಯಂಥ 110–125 ದಿನದ ತಳಿಯನ್ನು ಮೇ ಮೂರನೇ ವಾರ ಸಸಿಮಡಿಗೆ ಬಿತ್ತಿ, ಜೂನ್ ಎರಡನೇ ವಾರ ನೆಡಬೇಕು. ತಡವಾದರೆ ತೆನೆ ನೋಡಲು ಹಸಿರಾಗಿ ಚಂದವೇ, ಆದರೆ ಸುಲಿದರೆ ಬೆರಳಿಗೆ ಬರೀ ಹಾಲು ಅಂಟುತ್ತದೆ, ಅಕ್ಕಿ ಇರುವುದಿಲ್ಲ. ಇನ್ನೊಂದು ತೊಂದರೆ: ಊರಲ್ಲೆಲ್ಲೂ ತೆನೆ ಇಲ್ಲದಾಗ ತೆನೆ ಬಿಟ್ಟ ಒಂದೇ ಒಂದು ತುಂಡಿಗೆ ಸುತ್ತಲಿನ ಹಕ್ಕಿಯೂ ಭತ್ತದ ತಿಗಣೆಯೂ ಬಂದು ಮುತ್ತುತ್ತವೆ. ತಿಗಣೆ ಹಾಲು ಹೀರಿದ ಕಾಳು ಜೊಳ್ಳು. ಹಸಿಯಾಗಿ ತಿನ್ನುವ ಕಾಳು, ಆದ್ದರಿಂದ ಔಷಧಿ ಹೊಡೆಯಲೇಬೇಡಿ. ಮೇಲೆ ಬಲೆ ಕಟ್ಟಿ, ಬೆಳಿಗ್ಗೆ ತಿಗಣೆಗಳನ್ನು ಕೈಯಲ್ಲೇ ಹೆಕ್ಕಿ ತೆಗೆಯಿರಿ. ಆಗಸ್ಟ್ 30ರಿಂದ ನೊವೆನಕ್ಕೆ, ಅಂದರೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆಗೆ, ಹೂ ಹಿಡಿದು ಬರುವ ಮಕ್ಕಳಿಗೆ ಒಳ್ಳೆ ಕೆಲಸ.

ದೇವರ ಮೇಲೆ ಭಾರ ಹಾಕಿದ ಮೇಲೆ ಬಲೆ ಯಾಕೆ ಅನ್ನುವವರು ಇದ್ದಾರೆ. ಬೈಬಲಿನ ವಿಮೋಚನಕಾಂಡದಲ್ಲಿ ಮರುಭೂಮಿಯ ಜನರಿಗೆ ಆಕಾಶದಿಂದ ಮನ್ನಾ ಎಂಬ ಆಹಾರ ಸುರಿಸಿದ್ದು ದೇವರೇ, ಆದರೂ ಜನ ಬೆಳಿಗ್ಗೆ ಎದ್ದು ತಾವೇ ಕೂಡಿಸಿಕೊಳ್ಳಬೇಕಿತ್ತು. ಬಿಸಿಲೇರಿದರೆ ಅದು ಕರಗಿ ಹೋಗುತ್ತಿತ್ತು. ನಾಳೆಗಿರಲಿ ಅಂತ ಬಚ್ಚಿಟ್ಟಿದ್ದು ಹುಳ ಬಿದ್ದು ನಾರಿತು.

ಗಲ್ಫಿನಲ್ಲಿರುವ ಮಕ್ಕಳಿಗೆ ಮಂತ್ರಿಸಿದ ತೆನೆ ಕಳಿಸುವವರಿಗೆ ಒಂದು ಮಾತು: ಹಸಿ ತೆನೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ದಾರಿಯಲ್ಲೇ ಬೂಸಲು. ಚೆನ್ನಾಗಿ ಒಣಗಿಸಿ, ಕಾಳು ಸುಲಿದು ಪುಡಿ ಮಾಡಿ, ಕಾಗದದ ಪೊಟ್ಟಣದಲ್ಲಿ ಕಳಿಸಿ.

ಹತ್ತು ಚದರ ಮೀಟರಿಗೆ ಬೀಜ ಎರಡು ಮುಷ್ಟಿ ಬೇಕಾದೀತು, ಅಷ್ಟೆ. ಅಷ್ಟಕ್ಕಾಗಿ ಇಡೀ ಚೀಲ ಕೊಳ್ಳಬೇಡಿ, ಗದ್ದೆ ಉಳಿಸಿಕೊಂಡಿರುವ ನೆರೆಯವರ ಹತ್ತಿರ ಏಪ್ರಿಲ್‌ನಲ್ಲೇ ಕೇಳಿಡಿ.